ಒಲ್ಲೆವೆಂದವರ ಕಂಪನಿಯನ್ನು ಕೊಳ್ಳುವುದು ಯುಕ್ತವೆ?

2019ರ ಮಾರ್ಚ್ ತಿಂಗಳಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಯು, ಬೆಂಗಳೂರಿನ ಮೈಂಡ್‌ಟ್ರೀ ಎಂಬ ತಂತ್ರಾಂಶ ಕಂಪನಿಯಲ್ಲಿ ವಿ. ಜಿ. ಸಿದ್ಧಾರ್ಥರಿಗೂ ಅವರ ಕಾಫಿ ಡೇ ಬಳಗಕ್ಕೂ ಇದ್ದ ಶೇಕಡ 20ಕ್ಕೆ ಮೀರಿದ ಷೇರುಗಳನ್ನು ಒಂದಕ್ಕೆ 980 ರೂಪಾಯಿಯಂತೆ ಕೊಳ್ಳಲು ಒಪ್ಪಂದ ಮಾಡಿಕೊಂಡು, ಅನಂತರ ಪೇಟೆಯಿಂದಲೂ ಮುಕ್ತ ಕೊಡುಗೆಯಿಂದಲೂ ಇನ್ನಷ್ಟನ್ನು ಕೂಡಿಸುತ್ತ, ಜುಲೈ ಹೊತ್ತಿಗೆ ಶೇಕಡ 60ರ ಒಡೆತನವನ್ನು ಪಡೆಯಿತು. 1999ರಲ್ಲಿ ಮೈಂಡ್‌ಟ್ರೀಯನ್ನು ಕಟ್ಟಿದ ಸಂಸ್ಥಾಪಕರು ಈ ಕ್ರಯವನ್ನು ಬಹಿರಂಗವಾಗಿಯೇ ವಿರೋಧಿಸಿದರು.

ಪರ

ಸಾರ್ವಜನಿಕರ ಹಣವನ್ನು ಬಯಸಿ 2007ರಲ್ಲಿ ತಾವಾಗಿಯೇ ಷೇರುಪೇಟೆಗೆ ಬಂದು, ತಮ್ಮ ಪಾಲು ಶೇಕಡ 13ರ ಆಸುಪಾಸಿಗೆ ಇಳಿದುದನ್ನು ಕಂಡೂ ಸುಮ್ಮನಿದ್ದವರು, ಬೇರೊಬ್ಬ ಷೇರುದಾರನು ತನ್ನ ಸ್ವತ್ತನ್ನು ತನಗೊಪ್ಪಿದ ಬೆಲೆಗೆ ವಿಕ್ರಯಿಸಿದಾಗ ಅದನ್ನು ಅನ್ಯಾಯವೆಂದು ಕರೆಯುವುದು ಸಲ್ಲದು. ಸಾಲದ ಭಾರವನ್ನು ಇಳಿಸಿಕೊಳ್ಳಬೇಕಾಗಿದ್ದ ಸಿದ್ಧಾರ್ಥರಿಗೆ ಮಾರಬೇಡಿರೆಂದು ಹೇಳುವ ಅಧಿಕಾರ ಯಾರಿಗಿದ್ದಿತು? ಸಣ್ಣ ಷೇರುದಾರನನ್ನೂ ಕಾನೂನು ಮರೆತಿಲ್ಲ: ಶೇಕಡ 25ರ ಮೇರೆಯನ್ನು ದಾಟುವವನು ಉಳಿದವರಿಂದ ಕನಿಷ್ಠ ಶೇಕಡ 26ನ್ನು ಕೊಳ್ಳಲು ಸಿದ್ಧನೆಂದು ಸಾರತಕ್ಕದ್ದೆಂಬುದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ವಿಧಿ. ಇಲ್ಲಿ ಶೇಕಡ 31ಕ್ಕೆ ಅದೇ 980 ರೂಪಾಯಿಯ ಬೆಲೆಯನ್ನು ಸಾರಲಾಯಿತು. ಮೈಂಡ್‌ಟ್ರೀಯ ಸ್ವತಂತ್ರ ನಿರ್ದೇಶಕರ ಸಮಿತಿಯೇ ಅದನ್ನು ಯುಕ್ತವೆಂದಿತು.

ವಿರೋಧ

ಶಾಸನದ ದೃಷ್ಟಿಗೆ ಇದೆಲ್ಲವೂ ನಿರ್ದುಷ್ಟವೇ ಸರಿ. ಆದರೆ ಕಾರ್ಖಾನೆಯನ್ನು ಕೊಂಡವನಿಗೆ ನೆಲವೂ ಯಂತ್ರವೂ ದಕ್ಕುವಂತೆ ತಂತ್ರಾಂಶದ ಕಂಪನಿಯಲ್ಲಿ ಏನು ದಕ್ಕೀತು? ನುರಿತ ಜನರು ಪರಸ್ಪರ ಇಟ್ಟ ವಿಶ್ವಾಸ, ಗಿರಾಕಿಗಳೊಡನೆ ವರ್ಷಗಟ್ಟಲೆ ಬೆಳೆದ ಒಡನಾಟ, ಇವು ಕ್ರಯಪತ್ರಕ್ಕೆ ಸಿಕ್ಕತಕ್ಕ ಪದಾರ್ಥಗಳಲ್ಲ. ಸಂಸ್ಥಾಪಕರಲ್ಲೊಬ್ಬರಾದ ಸುಬ್ರತೊ ಬಾಗ್ಚಿಯವರು ಒಡಿಶಾದ ಕೌಶಲ್ಯಾಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷಪದವಿಯನ್ನು ತ್ಯಜಿಸಿ ಕಂಪನಿಯ ರಕ್ಷಣೆಗೆ ಧಾವಿಸಿದುದೂ, ಕಾರ್ಯನಿರ್ವಾಹಕ ಅಧ್ಯಕ್ಷ ಕೃಷ್ಣಕುಮಾರ್ ನಟರಾಜನ್ ಮೊದಲಾದ ಮೂವರು ಮುಖ್ಯರು ಜುಲೈಯಲ್ಲಿ ಒಮ್ಮೆಗೇ ರಾಜೀನಾಮೆಯಿತ್ತುದೂ ಆ ವಿಶ್ವಾಸಕ್ಕೆ ಬಿದ್ದ ಪೆಟ್ಟಿನ ಕುರುಹುಗಳು. ಕಂಪನಿಯು ಇದರಿಂದ ಕುಸಿಯಲಿಲ್ಲವೆಂಬುದನ್ನು, 2022ರ ನವೆಂಬರಿನಲ್ಲಿ ಲಾರ್ಸೆನ್ ಅಂಡ್ ಟೂಬ್ರೊದ್ದೇ ತಂತ್ರಾಂಶ ಕಂಪನಿಯಾದ ಎಲ್‌ಟಿಐಯೊಡನೆ ವಿಲೀನವಾಗಿ ಎಲ್‌ಟಿಐಮೈಂಡ್‌ಟ್ರೀ ಆಯಿತೆಂಬುದನ್ನು ವಿರೋಧಿಸುವವರು ಮರೆಮಾಡಬಾರದು.

ಆದರೂ ಕೊಂಡವರ ಪೂರ್ವಚರಿತ್ರೆಯೇ ಅವರಿಗೆ ಪ್ರತಿಸಾಕ್ಷಿಯಾಗಿ ನಿಲ್ಲುತ್ತದೆ. ಎಂಬತ್ತರ ದಶಕದ ಕೊನೆಗೆ ಅಂಬಾನಿಯವರು ಲಾರ್ಸೆನ್ ಅಂಡ್ ಟೂಬ್ರೊವನ್ನು ಹಿಡಿಯಲೆತ್ನಿಸಿದರು. 2001ರಲ್ಲಿ ಅವರ ಷೇರುಗಳನ್ನು ಬಿರ್ಲಾ ಬಳಗವು, ಮುಂದೆ ಬೆಂಗಳೂರಿನಲ್ಲಿ ನಡೆದ ರೀತಿಯಲ್ಲೇ, ದೊಡ್ಡ ಷೇರುದಾರನೊಬ್ಬನಿಂದ ಒಟ್ಟಾಗಿ ಕೊಂಡಿತು. ಆಗ ಲಾರ್ಸೆನ್ ಅಂಡ್ ಟೂಬ್ರೊದ ಮುಖ್ಯಸ್ಥರಾಗಿದ್ದ ಎ. ಎಂ. ನಾಯಕರು ಪಟ್ಟುಹಿಡಿದು ಹೋರಾಡಿ, ಸಿಮೆಂಟು ವ್ಯವಹಾರವನ್ನು ಬಿರ್ಲಾರಿಗೆ ಬಿಟ್ಟುಕೊಟ್ಟು, ಆ ಷೇರುಗಳು ನೌಕರರ ಟ್ರಸ್ಟಿಗೆ ಸೇರುವಂತೆ ಮಾಡಿದರು. ಒಲ್ಲದ ಒಡೆಯನ ಕೈಗೆ ಬೀಳುವ ಸಂಕಟವೇನೆಂದು ಬಲ್ಲವರೇ ಅದನ್ನು ಇತರರಿಗೆ ಉಂಟುಮಾಡಿದರೆಂಬುದು ನನ್ನ ಮುಖ್ಯ ಆಕ್ಷೇಪ. ಮೈಂಡ್‌ಟ್ರೀಯ ನೌಕರರಿಗಾದರೋ ಅಂಥ ಟ್ರಸ್ಟಿನ ಕಾವಲಿರಲಿಲ್ಲ. ಆಡಳಿತ ಮಂಡಳಿಯು ಅಪಾಯವು ಬಾಗಿಲಿಗೆ ಬಂದ ಮೇಲೆ ಷೇರುಗಳ ಮರುಖರೀದಿಯನ್ನು ಯೋಚಿಸಿ, ಅದನ್ನೂ ಕೈಬಿಟ್ಟಿತು. ಆ ಕಾವಲನ್ನು 2007ರಲ್ಲೇ ಏರ್ಪಡಿಸದೆ ಹೋದ ದೋಷದಲ್ಲಿ ಸಂಸ್ಥಾಪಕರಿಗೂ ಪಾಲುಂಟು.