ಒಂದು ಚೌಕ, ಎರಡು ದೇಶ

ಮೊನ್ನೆ ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ಬೆಲ್‌ಫಾಸ್ಟಿನಿಂದ ನನ್ನ ಹಳೆಯ ಶಿಷ್ಯನೊಬ್ಬ ಫೋನ್ ಮಾಡಿದ. ಅಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ. "ಮಾಷ್ಟ್ರೇ, ಇವತ್ತು ಒಬ್ಬ ಅಜ್ಜಿಯ ಹತ್ತಿರ ಚೆನ್ನಾಗಿ ಬೈಸಿಕೊಂಡೆ" ಎಂದು ನಗುತ್ತಲೇ ಆರಂಭಿಸಿದ.

ಡೆರಿ ಎಂಬ ಊರಿನಲ್ಲಿ ಆಕೆಯದೊಂದು ಬೇಕರಿ. (ಆ ಊರಿಗೇ ಎರಡು ಹೆಸರು. ಡೆರಿ ಎಂದರೆ ಒಂದು ಪಂಗಡಕ್ಕೆ ಮುನಿಸು, ಲಂಡನ್‌ಡೆರಿ ಎಂದರೆ ಇನ್ನೊಂದಕ್ಕೆ.) ಬೇಕರಿಯನ್ನು ಕಂಪನಿಯಾಗಿ ನೋಂದಾಯಿಸುವಾಗ ನಿರ್ದೇಶಕರ ವಿವರಗಳಲ್ಲಿ ರಾಷ್ಟ್ರೀಯತೆಯನ್ನೂ ಬರೆಯಬೇಕು. ಇವರ ಕಚೇರಿಯ ತಂತ್ರಾಂಶ ತಾನಾಗಿಯೇ 'ಬ್ರಿಟಿಷ್' ಎಂದು ತುಂಬಿಬಿಟ್ಟಿತ್ತು. ಯಾರೂ ಗಮನಿಸಲಿಲ್ಲ. ಆ ಪಟ್ಟಿಯಾದರೋ ಜಗತ್ತಿನ ಯಾರು ಬೇಕಾದರೂ ತೆರೆದು ನೋಡಬಹುದಾದದ್ದು. ಹುಟ್ಟಿದಂದಿನಿಂದ ತನ್ನನ್ನು ಐರಿಷ್ ಎಂದೇ ತಿಳಿದು, ಐರಿಷ್ ಪಾಸ್‌ಪೋರ್ಟನ್ನೇ ಇಟ್ಟುಕೊಂಡ ಆಕೆ ಅದನ್ನು ಕಂಡು, "ನನ್ನನ್ನು ಒಂದು ಮಾತು ಕೇಳಲು ನಿಮಗೇನು ಕಷ್ಟವಾಗಿತ್ತು?" ಎಂದರಂತೆ. ಅವರ ಅಣ್ಣ ಪಾಲುದಾರ. "ನನ್ನದು ಎರಡೂ ಬರೆಯಿರಿ" ಎಂದು ಅವರ ಬೇಡಿಕೆ. ತಂತ್ರಾಂಶದಲ್ಲಿ ಒಂದೇ ಪದಕ್ಕೆ ಜಾಗ.

ಇಷ್ಟಕ್ಕೆ ಇಷ್ಟು ರಗಳೆಯೇ ಎಂದು ಓದುಗರಿಗೆ ಅನ್ನಿಸಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ಆ ನೆಲದಲ್ಲಿ ಈ ಒಂದು ಪದಕ್ಕಾಗಿ ಮೂವತ್ತು ವರ್ಷ ರಕ್ತ ಹರಿದಿದೆ. 1998ರ ಏಪ್ರಿಲ್ 10ರಂದು ಆದ ಬೆಲ್‌ಫಾಸ್ಟ್ ಒಪ್ಪಂದದಲ್ಲಿ ಎರಡು ಸರಕಾರಗಳೂ ಒಪ್ಪಿಕೊಂಡ ಮಾತೊಂದಿದೆ: ಉತ್ತರ ಐರ್ಲೆಂಡಿನ ಜನರು ತಮ್ಮನ್ನು ಐರಿಷ್ ಎಂದೋ ಬ್ರಿಟಿಷ್ ಎಂದೋ ಅಥವಾ ಎರಡೂ ಎಂದೋ ಗುರುತಿಸಿಕೊಳ್ಳುವುದು, ಹಾಗೆಯೇ ಒಪ್ಪಿತರಾಗುವುದು ಅವರ ಜನ್ಮಸಿದ್ಧ ಹಕ್ಕು. ಎರಡೂ ಪೌರತ್ವಗಳನ್ನು ಇಟ್ಟುಕೊಳ್ಳುವ ಹಕ್ಕೂ ಅದರಲ್ಲೇ ಇದೆ.

ಒಪ್ಪಂದ ಬೇರೆ, ಕಾನೂನು ಬೇರೆ. ಎಮ್ಮಾ ಡಿಸೋಜ಼ಾ ಎಂಬ ಉತ್ತರ ಐರ್ಲೆಂಡಿನ ಮಹಿಳೆ ಅಮೆರಿಕದ ತನ್ನ ಪತಿಗೆ ವಾಸದ ಪರವಾನಗಿ ಕೇಳಿದಾಗ, ನೀನು ಹುಟ್ಟಿನಿಂದ ಬ್ರಿಟಿಷ್ ಪ್ರಜೆ, ಐರಿಷ್ ಎಂದು ಕೇಳುವಂತಿಲ್ಲ ಎಂದಿತು ಲಂಡನ್ನಿನ ಗೃಹ ಇಲಾಖೆ. 2019ರಲ್ಲಿ ಮೇಲಿನ ನ್ಯಾಯಮಂಡಳಿಯೂ ಇಲಾಖೆಯ ಪರವಾಗಿಯೇ ತೀರ್ಪಿತ್ತಿತು. 1981ರ ಪೌರತ್ವ ಕಾಯಿದೆಯ ಮುಂದೆ ಆಕೆಯ ಆಯ್ಕೆ ನಿಲ್ಲಲಿಲ್ಲ. 2020ರಲ್ಲಿ ವಲಸೆಯ ನಿಯಮವನ್ನಷ್ಟೇ ಸಡಿಲಿಸಿದರು. ಆದ್ದರಿಂದ ಬೇಕರಿಯ ಒಡತಿಯ ಹೆಸರಿನ ಮುಂದೆ 'ಬ್ರಿಟಿಷ್' ಎಂದು ಬರೆದದ್ದು ಸುಳ್ಳಲ್ಲ ಎಂದು ವಾದಿಸುವವರಿದ್ದಾರೆ. ಅರ್ಧ ಸತ್ಯ ಎಂಬುದು ನನ್ನ ಉತ್ತರ. ಯಾವ ಅರ್ಧವನ್ನು ಹೇಳಬೇಕು ಎಂಬುದನ್ನು ಗುಮಾಸ್ತನೋ ಯಂತ್ರವೋ ನಿಶ್ಚಯಿಸಬಾರದು.

ಈ ಕಾಲಂ ಹುಟ್ಟಿದ್ದು ಹೇಗೆ ಎಂಬುದೂ ತಿಳಿದಿರಲಿ. ಮೊದಲ ಮಹಾಯುದ್ಧದ ನಡುವೆ, 1916 ಮತ್ತು 1917ರಲ್ಲಿ, ಇಂಗ್ಲಿಷ್ ಹೆಸರಿನ ಹಿಂದೆ ಅಡಗಿ ವ್ಯಾಪಾರ ಮಾಡುವ ಜರ್ಮನರನ್ನು ಪತ್ತೆಹಚ್ಚಲು ತಂದ ಕಾಯಿದೆಗಳ ಕೂಸು ಇದು. ಬ್ರಿಟಿಷರಲ್ಲದ ನಿರ್ದೇಶಕರ ರಾಷ್ಟ್ರೀಯತೆಯನ್ನು ಕಂಪನಿಯ ಪತ್ರದ ತಲೆಯಲ್ಲಿಯೂ ಅಚ್ಚು ಹಾಕಿಸಬೇಕಾಗಿತ್ತು. ಯುದ್ಧ ಮುಗಿದು ನೂರು ವರ್ಷ ದಾಟಿದರೂ 2006ರ ಕಂಪನಿ ಕಾಯಿದೆಯಲ್ಲಿ 'ರಾಷ್ಟ್ರೀಯತೆ' ಎಂಬ ಏಕವಚನದ ಪದ ಹಾಗೆಯೇ ಕುಳಿತಿದೆ.

ವ್ಯವಹಾರಕ್ಕೆ ಅದು ಬೇಕೇ? ನಿಜವಾಗಿ ಬೇಕಾಗುವುದು ನಿರ್ದೇಶಕ ಎಲ್ಲಿ ವಾಸಿಸುತ್ತಾನೆ ಎಂಬುದು. ಗಡಿಯ ಆಚೆ, ಐರ್ಲೆಂಡ್ ಗಣರಾಜ್ಯದ 2014ರ ಕಾಯಿದೆಯಲ್ಲಿ ಒಬ್ಬ ನಿರ್ದೇಶಕನಾದರೂ ಯೂರೋಪಿನ ಆರ್ಥಿಕ ವಲಯದ ನಿವಾಸಿಯಾಗಿರಬೇಕು, ಇಲ್ಲವಾದರೆ ಸಾಮಾನ್ಯವಾಗಿ 25,000 ಯೂರೋಗಳ ಬಾಂಡ್ ಕೊಡಬೇಕು. ಬ್ರೆಕ್ಸಿಟ್‌ನ ಸಂಕ್ರಮಣಾವಧಿ 2020ರ ಕೊನೆಗೆ ಮುಗಿದ ಮೇಲೆ, ಜೇಬಿನಲ್ಲಿ ಐರಿಷ್ ಪಾಸ್‌ಪೋರ್ಟ್ ಇದ್ದರೂ ಬೆಲ್‌ಫಾಸ್ಟಿನಲ್ಲಿ ಮನೆ ಮಾಡಿದವನು ಆ ಲೆಕ್ಕಕ್ಕೆ ಬರುವುದಿಲ್ಲ. ಪೌರತ್ವ ಅಲ್ಲಿ ಮೂರು ಕಾಸಿಗೂ ಉಪಯೋಗವಿಲ್ಲ! ಹಾಗಿದ್ದ ಮೇಲೆ ಕಾಲಂ ತೆಗೆದುಹಾಕಲಿ. ಇರಲೇಬೇಕೆಂದರೆ ಎರಡು ಪದಗಳಿಗೆ ಜಾಗವಿರಲಿ, ಖಾಲಿಯಾಗಿಯೇ ತೆರೆದುಕೊಳ್ಳಲಿ. ಅಲ್ಲಿಯ 2021ರ ಜನಗಣತಿಯಲ್ಲಿ ರಾಷ್ಟ್ರೀಯ ಗುರುತಿನ ಪ್ರಶ್ನೆಗೆ ಎಷ್ಟು ಉತ್ತರಗಳಿಗೆ ಬೇಕಾದರೂ ಗುರುತು ಹಾಕಬಹುದಾಗಿತ್ತು. ಬ್ರಿಟಿಷ್ ಮಾತ್ರ ಎಂದವರು ಶೇ. 31.9, ಐರಿಷ್ ಮಾತ್ರ ಎಂದವರು ಶೇ. 29.1, ಉತ್ತರ ಐರಿಷ್ ಮಾತ್ರ ಎಂದವರು ಶೇ. 19.8. ಜನಗಣತಿಗೆ ಸಾಧ್ಯವಾದದ್ದು ಉಳಿದವರಿಗೆ ಏಕೆ ಸಾಧ್ಯವಾಗಬಾರದು?

ಶಿಷ್ಯ ಒಡತಿಯ ವಿವರವನ್ನು ತಿದ್ದುಪಡಿಗೆ ಕಳುಹಿಸಿದ್ದಾನೆ. ಅಣ್ಣನದಕ್ಕೆ ತಂತ್ರಾಂಶ ಬಿಟ್ಟು ಕಾಗದದ ನಮೂನೆಯಲ್ಲಿ ಎರಡೂ ಪದ ಬರೆದನಂತೆ.

"ನಿನ್ನದು ಏನು ಬರೆಯುತ್ತೀ ಮಾರಾಯ?" ಎಂದು ಕೇಳಿದೆ. ಡಬ್ಲಿನ್ನಿನಲ್ಲಿ ಹಲವು ವರ್ಷ ಇದ್ದು ಐರಿಷ್ ಪೌರತ್ವ ಪಡೆದವನು ಅವನು. ನಮ್ಮ 1955ರ ಕಾಯಿದೆಯಂತೆ ಆ ಕ್ಷಣವೇ ಭಾರತದ ಪೌರತ್ವ ಹೋಯಿತು. ಸಾಗರೋತ್ತರ ಭಾರತೀಯ ಪೌರ ಎಂಬ ಕಾರ್ಡಿನಲ್ಲಿ ಪೌರ ಎಂಬ ಪದವಿದೆ, ಪೌರತ್ವವಿಲ್ಲ. "ನನಗೆ ಒಂದೇ ಪದ ಸಾಕು ಮಾಷ್ಟ್ರೇ, ಇನ್ನೊಂದು ಉಳಿದಿಲ್ಲ" ಎಂದ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ ಹೇಳಿದ: "ನನ್ನ ಟಿ.ಸಿ. ಈಗಲೂ ಇದೆ. ಮಾತೃಭಾಷೆ ಎಂಬಲ್ಲಿ ನೀವು ಕನ್ನಡ ಎಂದು ಬರೆದಿದ್ದೀರಿ." ಅವನ ಮನೆಯ ಮಾತು ಬ್ಯಾರಿ. ಒಂದನೆಯ ತರಗತಿಗೆ ಸೇರಿಸಲು ಅವನ ತಂದೆ ಮೇಜಿನ ಆಚೆ ನಿಂತಿದ್ದರು. ಸಾಲಿನಲ್ಲಿ ಇನ್ನೂ ಇಪ್ಪತ್ತು ಮಂದಿ ಇದ್ದರೆಂದು ನಾನು ತಲೆಯೆತ್ತಿ ಕೇಳಿರಲಿಲ್ಲ.