ಗೂಡಿನ ಮಾನಕಕ್ಕೆ ಯಾವ ಸಮಿತಿಯ ಉಸ್ತುವಾರಿ?

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ರೇಷ್ಮೆ ಬೆಳೆಗಾರರು ತಿಂಗಳುಗಟ್ಟಲೆ ದುಡಿದು ಬೆಳೆದ ಗೂಡಿನ ಬೆಲೆ ಹರಾಜು ಕಟ್ಟೆಯಲ್ಲಿ ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಹರಾಜು ಈಗ ಕಂಪ್ಯೂಟರ್ ಮೂಲಕ ನಡೆಯುತ್ತಿದ್ದರೂ ಗೂಡಿನ ಗುಣವನ್ನು ಅಳೆಯಲು ರೀಲರುಗಳು ಬಹುಮಟ್ಟಿಗೆ ತಮ್ಮ ಕಣ್ಣು ಮತ್ತು ಕೈಗಳನ್ನೇ ನಂಬುತ್ತಾರೆ. ಆದ್ದರಿಂದ ಪರೀಕ್ಷೆಯ ಆಧಾರದ ಮೇಲೆ ದರ್ಜೆ ನಿಗದಿ ಮಾಡುವ ಮಾನಕ ಬೇಕೆಂಬುದು ನ್ಯಾಯವಾದ ಬೇಡಿಕೆ. ಆದರೆ ಆ ಮಾನಕ ಯಾವ ಸಮಿತಿಯ ಉಸ್ತುವಾರಿಯಲ್ಲಿ ಬೆಳೆಯಬೇಕು? ಇದನ್ನು ಮೊದಲೇ ತೀರ್ಮಾನಿಸುವುದು ಅಗತ್ಯ.

ಇದು ಬರಿಯ ಕಚೇರಿ ವಿಚಾರವಲ್ಲ. 2 ಗ್ರಾಂ ತೂಕದ ಗೂಡಿನಲ್ಲಿ ಕವಚದ ತೂಕ 0.4 ಗ್ರಾಂ ಇದ್ದರೆ ಕವಚದ ಪ್ರಮಾಣ ಶೇ. 20. ಒಳಗಿನ ಕೋಶದ ತೂಕ ಮತ್ತು ತೇವ ಹೆಚ್ಚಿದರೆ ಇದೇ ಅಂಕಿ ಇಳಿಯುತ್ತದೆ. ರೀಲರಿಗೆ ಬೇಕಾದದ್ದು ರೆಂಡಿಟ್ಟ, ಅಂದರೆ 1 ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕ, ಮತ್ತು ಎಳೆ ತುಂಡಾಗದೆ ಬಿಚ್ಚುವ ಗುಣ. ಯಾವುದಕ್ಕೆ ಎಷ್ಟು ಅಂಕ, ದರ್ಜೆಯ ಗೆರೆ ಎಲ್ಲಿ ಎಂಬುದನ್ನು ಸಮಿತಿಯೇ ನಿರ್ಧರಿಸುತ್ತದೆ. ಆ ಗೆರೆ ಸ್ವಲ್ಪ ಸರಿದರೂ ರೈತನ ಜೇಬಿಗೆ ತಟ್ಟುತ್ತದೆ.

ಹೊಣೆ ಹೊರಬಲ್ಲ ಸಂಸ್ಥೆಗಳು ಮೂರು:

1. ಭಾರತೀಯ ಮಾನಕ ಬ್ಯೂರೋ. ಪರೀಕ್ಷಾ ವಿಧಾನ ರೂಪಿಸುವುದರಲ್ಲಿ ಇದಕ್ಕೆ ನುರಿತ ಕೈಯಿದೆ. ಆದರೆ ರೇಷ್ಮೆ ಇಲ್ಲಿ ಜವಳಿ ವಿಭಾಗಕ್ಕೆ ಸೇರಿದ್ದು. ನೂಲು, ಬಟ್ಟೆಯವರ ದನಿಯೇ ಹೆಚ್ಚು.

2. ರಾಜ್ಯ ರೇಷ್ಮೆ ಇಲಾಖೆ. 1959ರ ರಾಜ್ಯ ಕಾಯಿದೆಯಡಿ ಗೂಡಿನ ವಹಿವಾಟನ್ನು ನಿಯಂತ್ರಿಸುತ್ತದೆ. ಆದರೆ ಮಾರುಕಟ್ಟೆ ನಡೆಸುವವರು, ಅಳತೆಗೋಲು ಮಾಡುವವರು, ತಕರಾರು ಕೇಳುವವರು ಒಬ್ಬರೇ ಆಗಬಾರದು.

3. ಕೇಂದ್ರ ರೇಷ್ಮೆ ಮಂಡಳಿ. 1948ರ ಕಾಯಿದೆಯಂತೆ ಸ್ಥಾಪಿತವಾದ ಈ ಮಂಡಳಿಗೆ 2006ರ ತಿದ್ದುಪಡಿಯಿಂದ ಮೊಟ್ಟೆಯ ಗುಣಮಟ್ಟದ ಹೊಣೆಯೂ ಬಂದಿದೆ. ಮೊಟ್ಟೆಯಿಂದ ನೂಲಿನವರೆಗೆ ಇಡೀ ಸರಪಳಿಯನ್ನು ಬಲ್ಲದ್ದು ಇದೊಂದೇ.

ಆದ್ದರಿಂದ ಮಂಡಳಿಯಲ್ಲಿ ಒಂದು ಜಂಟಿ ಸಮಿತಿ ಇರಬೇಕು ಎಂಬುದು ನನ್ನ ಅಭಿಪ್ರಾಯ. ಪರೀಕ್ಷಾ ವಿಧಾನವನ್ನು ಬ್ಯೂರೋ ಪರಿಶೀಲಿಸಲಿ. ಜಾರಿಯನ್ನು ಇಲಾಖೆ ವಹಿಸಲಿ. ರೀಲರುಗಳಿಗಿರುವಷ್ಟೇ ಸ್ಥಾನ ಬೆಳೆಗಾರರಿಗೂ ದೊರೆಯಬೇಕು.

ಯಂತ್ರ ಬಂದರೆ ಸಮಿತಿಯ ಗೊಡವೆ ಏಕೆ ಎನ್ನುವವರಿದ್ದಾರೆ. ಕಚ್ಚಾ ರೇಷ್ಮೆಯ ದೋಷ ಮತ್ತು ಏಕರೂಪತೆಯನ್ನು ವಿದ್ಯುನ್ಮಾನ ಯಂತ್ರದಿಂದ ಅಳೆಯುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 15625, 2014ರಲ್ಲೇ ಹೊರಬಂದಿತು. ಯಂತ್ರ ಎಣಿಸಿ ಕೊಡುತ್ತದೆ, ನಿಜ. ಎಷ್ಟು ದೋಷವಿದ್ದರೆ ಮಾಲು ಕೆಳದರ್ಜೆ ಎಂಬುದನ್ನು ಮಾತ್ರ ಮನುಷ್ಯರೇ ಗೊತ್ತುಮಾಡಬೇಕು.

ಹೊಸ ರಾಗಿ ತಳಿಯನ್ನು ಹಲವು ಹಂಗಾಮು, ಹಲವು ಊರುಗಳಲ್ಲಿ ಪರೀಕ್ಷಿಸದೆ ನಾವು ಬಿಡುಗಡೆ ಮಾಡುವುದಿಲ್ಲ. ಗೂಡಿನ ಮಾನಕವನ್ನೂ ಬೇಸಿಗೆ, ಮಳೆಗಾಲ, ಚಳಿಗಾಲಗಳಲ್ಲಿ, ಮಿಶ್ರತಳಿ ಹಾಗೂ ದ್ವಿತಳಿ ಗೂಡುಗಳೆರಡರ ಮೇಲೂ ಒಂದು ವರ್ಷ ಒರೆಗೆ ಹಚ್ಚಬೇಕು. ಕರಡು ಕನ್ನಡದಲ್ಲಿ ಪ್ರಕಟವಾಗಬೇಕು. ಪರೀಕ್ಷೆಯ ಫಲಿತಾಂಶ ಹರಾಜಿಗೆ ಮುಂಚೆ ರೈತನ ಕೈಗೆ ಸಿಗಬೇಕು. ಒಪ್ಪಿಗೆಯಾಗದಿದ್ದರೆ ಬೇರೆ ಪ್ರಯೋಗಾಲಯದಲ್ಲಿ ಮರುಪರೀಕ್ಷೆಗೆ ಅವಕಾಶವಿರಬೇಕು.

ರೈತ ಬಾಂಧವರು ತಮ್ಮ ಬೆಳೆಗಾರರ ಸಂಘಗಳಲ್ಲಿ ಈ ವಿಷಯ ಚರ್ಚಿಸಿ, ತಮ್ಮ ಪ್ರತಿನಿಧಿ ಯಾರೆಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳುವುದು ಒಳಿತು. ಅಳತೆಗೋಲು ಸಿದ್ಧವಾದ ಮೇಲೆ ತಕರಾರು ತೆಗೆದರೆ ಕೇಳುವವರು ಕಡಿಮೆ.