ಬೇವಿನ ಮೊದಲ ಹೂ

ಇಂಗ್ಲೆಂಡಿನ ನಾರ್ಫೋಕಿನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರನು 1736ರಿಂದ ವಸಂತದ ಕುರುಹುಗಳನ್ನು ಬರೆದಿಡತೊಡಗಿದನು: ಮೊದಲ ಹೂ, ಮೊದಲ ಚಿಗುರು, ಹಕ್ಕಿಯ ಮೊದಲ ಕೂಗು. ನಡುವೆ ಕೆಲವು ವರ್ಷ ತಪ್ಪಿದರೂ ಆತನ ವಂಶಜರು 1958ರವರೆಗೆ ಅದನ್ನು ನಡೆಸಿದರು. ಹವೆ ಬೆಚ್ಚಗಾದಂತೆ ಚಿಗುರು ಎಷ್ಟು ಮುಂಚೆ ಬರುವುದೆಂದು ವಿಜ್ಞಾನಿಗಳು ಅಳೆದದ್ದು ಇಂಥ ದಿನಚರಿಗಳಿಂದಲೇ.

ನಮ್ಮ ಕೊಪ್ಪಳ ಸೀಮೆಯಲ್ಲಿ ಈ ಕೆಲಸಕ್ಕೆ ಬೇವಿಗಿಂತ ತಕ್ಕ ಗಿಡವುಂಟೆ? ಯುಗಾದಿಯಂದು ಮನೆಮನೆಯವರೂ ಅದರ ಹೂವನ್ನು ಅರಸುತ್ತಾರೆ. ಆದರೆ ಯುಗಾದಿ ಚಾಂದ್ರಮಾನದ ಹಬ್ಬ. 2023ರಲ್ಲಿ ಮಾರ್ಚ್ 22ಕ್ಕೆ ಬಂದದ್ದು 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತು. ಬೇವು ಪಂಚಾಂಗವನ್ನು ಓದುವುದಿಲ್ಲ! ಆದುದರಿಂದ ಹಬ್ಬದ ನೆನಪು ಸಾಲದು, ತಾರೀಖು ಬೇಕು. ಗಂಗಾವತಿಯ ಕಾಲುವೆಯ ದಂಡೆಯ ಬೇವೂ ಕುಷ್ಟಗಿ, ಯಲಬುರ್ಗಾಗಳ ಒಣಹೊಲದ ಬದುವಿನ ಬೇವೂ ಒಂದೇ ವಾರದಲ್ಲಿ ಹೂಬಿಡುವುವೆ? ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ. ನಮ್ಮ ಶಾಲೆಗಳು ಇದನ್ನೇ ವಿಜ್ಞಾನದ ಪಾಠವಾಗಿ ಕೈಗೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಅಂಗಳದ ಒಂದು ಗಿಡ, ಒಂದು ನೋಟುಪುಸ್ತಕ, ಹತ್ತಾರು ವರ್ಷಗಳ ತಾಳ್ಮೆ. ಮೂರನೆಯದೇ ದುರ್ಲಭವೆಂದು ನಾವು ಬಲ್ಲೆವು. ಉಪಾಧ್ಯಾಯರಿಗೆ ವರ್ಗವಾದರೂ ಪುಸ್ತಕ ಶಾಲೆಯಲ್ಲಿಯೇ ಉಳಿಯಲಿ, ಗಿಡವನ್ನು ಮಾತ್ರ ಬದಲಿಸದಿರಲಿ.